ಅವರು ನಿಮಗೆ ಏನಾಗಬೇಕು?

ಹಾಸನದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ಹೊಟ್ಟೆ ತುಂಬುತ್ತಿರೋದು ಅರ್ಜಿಗಳಿಂದ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್ಪು, ಪಿಂಚಣಿ, ರೇಷನ್ ಕಾರ್ಡಿನ ತಿದ್ದುಪಡಿ. ಹದಿನಾರು ವರ್ಷದಿಂದ ಇದೇ ಕೆಲಸ. ಯಾವ ಅರ್ಜಿಯ ಎಷ್ಟನೇ ಕಾಲಂನಲ್ಲಿ ಜನ ತಡವರಿಸುತ್ತಾರೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

‘ಗಂಡನ ಹೆಸರು’ ಅನ್ನೋ ಕಾಲಂ ಇದೆಯಲ್ಲ, ಆಲೂರು, ಅರಕಲಗೂಡು ಕಡೆಯ ವಯಸ್ಸಾದ ಹೆಂಗಸರು ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ಬಾಯಿಬಿಟ್ಟು ಹೆಸರು ಹೇಳೋದಿಲ್ಲ. ನಗುತ್ತಾರೆ. ಆಧಾರ್ ಕಾರ್ಡನ್ನು ಗಾಜಿನ ಮೇಲೆ ನನ್ನ ಕಡೆ ತಳ್ಳುತ್ತಾರೆ. ‘ನಮ್ಮನೇವ್ರುದು ಅದ್ರಲ್ಲೇ ಐತೆ, ನೀನೇ ನೋಡ್ಕಂಡ್ ಬರ್ಕಳಪ್ಪ.’

ನಾನೂ ಹಾಗೇ ಇದ್ದೆ. ಆರು ವರ್ಷದಿಂದ ಒಬ್ಬನ ಜೊತೆ ಬಾಳುತ್ತಿದ್ದೇನೆ. ಹೊರಗೆ ಅವನ ಹೆಸರು ಬಂದರೆ ಸಾಕು, ನಾಲಿಗೆ ಹಿಂದಕ್ಕೆ ಹೋಗುತ್ತಿತ್ತು. ಕಾರಣ ಬೇರೆ, ಆದರೆ ತಡವರಿಕೆ ಅದೇ. ಈಗ ಆ ಭಯ ಕಮ್ಮಿಯಾಗಿದೆ. ಆದರೂ ‘ನನ್ ಹೆಸ್ರು ಹಾಕ್ಬೇಡ ಮಾರಾಯ, ಗಿರಾಕಿಗಳು ಓದ್ತಾರೆ’ ಅಂತ ಅವನೇ ಹೇಳಿರೋದರಿಂದ ಇಲ್ಲಿ ಬರೆಯೋದಿಲ್ಲ. ಆ ಅಜ್ಜಿಯರ ದಾರಿಯನ್ನೇ ಹಿಡಿಯುತ್ತೇನೆ. ನಮ್ಮನೆಯವರು. ಮನೆಯಲ್ಲಿ ಏಕವಚನ, ಬರಹದಲ್ಲಿ ಬಹುವಚನ. ಎಷ್ಟು ಚೆಂದದ ಮಾತು ನೋಡಿ ಅದು. ಗಂಡಸೋ ಹೆಂಗಸೋ ಅಂತ ಕೇಳೋದೇ ಇಲ್ಲ.

ಮನೆಯಲ್ಲಿ ನಾವು ಮೂವರು. ನಾನು, ನಮ್ಮನೆಯವರು, ಆರನೇ ಕ್ಲಾಸಿನ ಪುಟ್ಟಿ. ಪುಟ್ಟಿ ನನ್ನ ಮಗಳು. ಹೌದು, ನನಗೆ ಮದುವೆ ಆಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಅದು ಸುಲಭಕ್ಕೆ ಹೇಳೋ ವಿಷಯ ಅಲ್ಲ.

ಮೊದಲು ಜಡೆಯ ವಿಷಯ ಹೇಳಿಬಿಡ್ತೀನಿ. ನಮ್ಮನೆಯವರದು ಮೋಟರ್ ರಿವೈಂಡಿಂಗ್ ಕೆಲಸ. ಸುಟ್ಟುಹೋದ ಬೋರ್‌ವೆಲ್ ಮೋಟರಿನ ಹಳೆ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡೋದು. ಬೇಸಿಗೆ ಬಂತು ಅಂದರೆ ವೋಲ್ಟೇಜ್ ಬೀಳುತ್ತೆ, ಮೋಟರ್ ಸುಡುತ್ತೆ, ರೈತರು ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. ಫೆಬ್ರವರಿಯಿಂದ ಮೇ ತನಕ ಅವರು ಮನೆಗೆ ಬರೋದು ರಾತ್ರಿ ಹತ್ತಕ್ಕೆ, ಮೈಯೆಲ್ಲಾ ವಾರ್ನಿಷ್ ವಾಸನೆ. 2022ರಲ್ಲಿ ಪುಟ್ಟಿ ನಮ್ಮ ಜೊತೆ ಇರೋಕೆ ಬಂದಾಗ ಶಾಲೆಯಲ್ಲಿ ಎರಡು ಜಡೆ ಕಡ್ಡಾಯ. ಕಪ್ಪು ರಿಬ್ಬನ್, ಮಡಚಿ ಕಿವಿ ಹತ್ತಿರ ಕಟ್ಟಬೇಕು. ನಾನು ಹಾಕಿದ ಜಡೆ ಪ್ರೇಯರ್ ಮುಗಿಯೋಷ್ಟರಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮೂರನೇ ದಿನ ಮಗು ಅಳುತ್ತಾ ಮನೆಗೆ ಬಂತು.

ಮಾರನೇ ಬೆಳಗ್ಗೆ ನಮ್ಮನೆಯವರು ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಅವಳ ಹಿಂದೆ ಸ್ಟೂಲ್ ಹಾಕಿ ಕೂತರು. ಕೂದಲನ್ನು ಮೂರು ಭಾಗ ಮಾಡಿ ಬೆರಳ ಸಂದಿಯಲ್ಲಿ ಹಿಡಿದು ನನಗೆ ಪಾಠ ಬೇರೆ. ‘ನೋಡು, ಟೆನ್ಷನ್ ಒಂದೇ ಸಮ ಇರ್ಬೇಕು. ಒಂದು ಸುತ್ತು ಸಡಿಲ ಆಯ್ತಾ, ಇಡೀ ಕಾಯಿಲ್ ಹೋಯ್ತು.’ ಆ ಜಡೆ ಸಂಜೆ ಐದಕ್ಕೂ ಅಲ್ಲಾಡಿರಲಿಲ್ಲ. ಅವತ್ತಿಂದ ಜಡೆ ಅವರದು, ತಿಂಡಿ ನನ್ನದು. ಅವರಿಗೆ ಹುಷಾರಿಲ್ಲದ ದಿನ ಪುಟ್ಟಿ ನನ್ನ ಹತ್ತಿರ ತಲೆ ಕೊಡುವಾಗ ಒಂದು ನಿಟ್ಟುಸಿರು ಬಿಡುತ್ತಾಳೆ, ಅದನ್ನು ಕೇಳಬೇಕು ನೀವು.

ಪೇಪರಿನವರು ನಮ್ಮಂಥವರಿಗೆ ‘ಸಲಿಂಗಕಾಮಿ’ ಅಂತ ಬರೆಯುತ್ತಾರೆ. ನನಗೆ ಆ ಪದ ಕಂಡರೆ ಆಗೋದಿಲ್ಲ. ಬೆಳಗ್ಗೆ ಏಳಕ್ಕೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ, ಇನ್ನೊಂದು ಕೈಯಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ ಹುಡುಕುವಾಗ ನಾನು ಯಾವ ಕಾಮಿಯೂ ಅಲ್ಲ. ಪಕ್ಕದ ಮನೆ ಗಂಡಹೆಂಡತಿಗೆ ಯಾರಾದರೂ ‘ಭಿನ್ನಲಿಂಗಕಾಮಿ ದಂಪತಿ’ ಅಂತಾರಾ? ನಾನು ಗೇ ಅಂತಲೇ ಹೇಳಿಕೊಳ್ಳುತ್ತೇನೆ. ಒಂದೇ ಅಕ್ಷರ, ಬಾಯಿಗೂ ಸುಲಭ.

ಪುಟ್ಟಿ ಅವರನ್ನು ಮೊದಲು ‘ಮೋಟರ್ ಅಂಕಲ್’ ಅನ್ನುತ್ತಿದ್ದಳು. ಅದನ್ನು ಬಿಡಿಸಿದ್ದು ನಮ್ಮವ್ವ. ಅವ್ವ ಊರಲ್ಲೇ ಇರೋದು. ವರ್ಷಕ್ಕೊಮ್ಮೆ ಆಲೂಗಡ್ಡೆ ಕಿತ್ತ ಮೇಲೆ ಒಂದು ಮೂಟೆ ಹಾಕಿಸಿಕೊಂಡು ಬಂದು, ನಾಲ್ಕು ದಿನ ಇದ್ದು ಹೋಗುತ್ತಾಳೆ. ನನ್ನ ವಿಷಯ ಅವಳಿಗೆ ನಾನು ಬಿಡಿಸಿ ಹೇಳಿಲ್ಲ, ಅವಳೂ ಕೇಳಿಲ್ಲ. ಮನೆ ನೋಡಿದವರಿಗೆ ಗೊತ್ತಾಗುತ್ತೆ ಅಲ್ವಾ. ಒಂದು ಸಂಜೆ ಸೊಪ್ಪು ಸೋಸುತ್ತಾ ಕೂತಿದ್ದವಳು ಪುಟ್ಟಿಗೆ ಗದರಿದಳು: ‘ಅಂಕಲ್ಲು ಗಿಂಕಲ್ಲು ಏನೇ ಅದು? ಮನೆವ್ರುಗೆ ಹಂಗಂತಾರಾ? ಚಿಕ್ಕಪ್ಪ ಅನ್ನು.’ ಅಷ್ಟೇ. ನಮ್ಮಂಥ ಜೋಡಿಯನ್ನು ಮನೆಯವರು ಅಂತ ಒಪ್ಪೋದು, ಸುಪ್ರೀಂ ಕೋರ್ಟಿನಲ್ಲಿ ಐದು ಜನ ನ್ಯಾಯಮೂರ್ತಿಗಳು ಕೂತು ಆಗದೇ ಇದ್ದದ್ದು, ನಮ್ಮನೆ ಹಜಾರದಲ್ಲಿ ದಂಟಿನ ಸೊಪ್ಪಿನ ಮುಂದೆ ಆಯ್ತು. ನಮ್ಮ ಮಾತಲ್ಲಿ ಅಪ್ಪನ ಅಣ್ಣನೂ ಅಪ್ಪ, ತಮ್ಮನೂ ಅಪ್ಪ. ದೊಡ್ಡ, ಚಿಕ್ಕ ಅಂತ ಒಂದು ಅಳತೆ ಸೇರಿಸಿದರೆ ಮುಗಿಯಿತು.

ಅವ್ವನನ್ನು ದೇವತೆ ಮಾಡೋದು ಬೇಡ. ಊರ ಹಬ್ಬಕ್ಕೆ ಈಗಲೂ ‘ನೀನು ಮಗ ಇಬ್ರೇ ಬನ್ನಿ’ ಅಂತಾಳೆ. ಆ ದಿನ ನಮ್ಮನೆಯವರು ಅಂಗಡಿ ತೆಗೆದಿರುತ್ತಾರೆ. ‘ಕೆಲ್ಸ ಇತ್ತು ಬಿಡು’ ಅಂತಾರೆ. ಹಬ್ಬದ ದಿನ ಯಾವ ರೈತ ಮೋಟರ್ ಬಿಚ್ಚಿಸುತ್ತಾನೆ?

ಈಗ ಮದುವೆಯ ವಿಷಯ.

2010ರಲ್ಲಿ ನನಗೆ ಮದುವೆ ಆಯಿತು. ನಾನು ಏನು ಅಂತ ನನಗೆ ಹೈಸ್ಕೂಲಿನಿಂದಲೂ ಗೊತ್ತಿತ್ತು. ಹಾಸನದಂಥ ಊರಲ್ಲಿ ಗೊತ್ತಿದ್ದು ಏನು ಮಾಡೋದು? 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೇ ಸೆಕ್ಷನ್ ಪ್ರಕಾರ ನನ್ನಂಥವನು ಅಪರಾಧಿ. 2009ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅದು ತಪ್ಪು ಅಂದಿತ್ತು, ನಿಜ. ನಾನು ಆ ಸುದ್ದಿಯನ್ನು ಅಂಗಡಿಯಲ್ಲಿ ಪೇಪರ್ ಮಡಚಿ ಓದಿದೆ, ಮತ್ತೆ ಮಡಚಿ ಇಟ್ಟೆ. ಹೆಣ್ಣು ನೋಡೋಕೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಸುಮ್ನೆ ಕೂತಿದ್ದೆ. ಮದುವೆ ಆದಮೇಲೆ ಎಲ್ಲಾ ಸರಿ ಹೋಗುತ್ತೆ ಅಂತ ಯಾರೋ ಹೇಳಿದ್ದರು. ಯಾರು ಅಂತ ಈಗ ಯೋಚಿಸಿದರೆ, ನಾನೇ.

ಪುಟ್ಟಿಯ ಅಮ್ಮ ಒಳ್ಳೆಯವರು. ನಗುನಗುತ್ತಾ ಬಂದವರು. ಎಂಟು ವರ್ಷ ಅವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಂಡು ಬದುಕಿದರು. ತೂಕ ಇಳಿಸಿಕೊಂಡರು, ಹರಕೆ ಹೊತ್ತರು, ಒಂದು ಸಲ ನನ್ನನ್ನು ಕೇಳದೆ ಡಾಕ್ಟರ್ ಹತ್ತಿರವೂ ಹೋಗಿ ಬಂದರು. ಮಂಚದ ಆ ತುದಿಯಲ್ಲಿ ಮಲಗಿ ನಾನು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ದೆಹಲಿ ಹೈಕೋರ್ಟಿನ ತೀರ್ಪು ಅಳಿಸಿತು, ನಾನು ಮತ್ತೆ ಅಪರಾಧಿಯಾದೆ. ಮರುವರ್ಷ ಪುಟ್ಟಿ ಹುಟ್ಟಿದಳು. 2018ರ ಸೆಪ್ಟೆಂಬರ್ 6ರಂದು ಐದು ನ್ಯಾಯಮೂರ್ತಿಗಳು 377 ನಮಗೆ ತಾಗದ ಹಾಗೆ ಮಾಡಿದರು. ಎದುರಿನ ಮೊಬೈಲ್ ಅಂಗಡಿಯ ಟಿವಿಯಲ್ಲಿ ಸುದ್ದಿ ಓಡುತ್ತಿತ್ತು. ನಾನು ಯಾರದೋ ಪಹಣಿ ಪ್ರಿಂಟ್ ತೆಗೆಯುತ್ತಿದ್ದೆ. ಒಂದು ಕಾಪಿ ಬೇಕು ಅಂದವರಿಗೆ ಆರು ಕಾಪಿ ತೆಗೆದಿದ್ದೆ. ಆದರೂ ಹೆಂಡತಿಗೆ ಹೇಳೋಕೆ ಮತ್ತೆ ಮೂರು ತಿಂಗಳು ಹಿಡಿಯಿತು. ಹೇಳಿದ ರಾತ್ರಿ ಅವರು ಮೊದಲು ಕೇಳಿದ್ದು ಒಂದೇ: ‘ಅಂದ್ರೆ ನನ್ನಲ್ಲಿ ಏನೂ ತಪ್ಪಿರ್ಲಿಲ್ವಾ?’

ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

2019ರ ಆರಂಭದಲ್ಲಿ ಬೇರೆಯಾದೆವು. ಒಪ್ಪಿಗೆಯ ವಿಚ್ಛೇದನ ಅಂದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಮತ್ತೆ ಆರು ತಿಂಗಳು ಕಾಯಬೇಕು. ನಡುವೆ ಲಾಕ್‌ಡೌನ್ ಬೇರೆ ಬಂತು. ಆಮೇಲೆ ಅವರು ಇನ್ನೊಂದು ಮದುವೆಯಾಗಿ ತುಮಕೂರಿನಲ್ಲಿದ್ದಾರೆ, ಟೀಚರ್ ಕೆಲಸ. ಶಾಲೆ ಇರುವಾಗ ಪುಟ್ಟಿ ನಮ್ಮಲ್ಲಿ, ರಜೆಯಲ್ಲಿ ಅಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸು ಫ್ರೀ, ನನಗೆ ಟಿಕೆಟ್. ಕಂಡಕ್ಟರ್ ಕೊಟ್ಟ ಶೂನ್ಯದ ಟಿಕೆಟನ್ನು ಅವಳು ಪರ್ಸಿನಲ್ಲಿ ಜೋಡಿಸಿ ಇಡುತ್ತಾಳೆ.

ನಮ್ಮನೆಯವರು ಸಿಕ್ಕಿದ್ದು ಬೇರೆಯಾದ ಮೇಲೆ, ಅದೇ ವರ್ಷದ ಮಳೆಗಾಲದಲ್ಲಿ. ಐಟಿಐ ಸರ್ಟಿಫಿಕೇಟ್ ಜೆರಾಕ್ಸ್ ಮಾಡಿಸೋಕೆ ಬಂದಿದ್ದರು. 2020ರ ಮಾರ್ಚ್‌ನಲ್ಲಿ ಇಪ್ಪತ್ತೊಂದು ದಿನದ ಲಾಕ್‌ಡೌನ್ ಅಂದಾಗ ‘ಒಬ್ನೇ ರೂಮಲ್ಲಿ ಏನ್ ಮಾಡ್ತೀಯಾ, ಇಪ್ಪತ್ತೊಂದು ದಿನ ಇಲ್ಲೇ ಇರು’ ಅಂದೆ. ಆ ಇಪ್ಪತ್ತೊಂದು ದಿನ ಇನ್ನೂ ಮುಗಿದಿಲ್ಲ.

2022ರ ಜುಲೈ. ಜೋರು ಮಳೆ. ರಾತ್ರಿ ಒಂದು ಗಂಟೆಗೆ ನಮ್ಮನೆಯವರಿಗೆ ಹೊಟ್ಟೆನೋವು ತಡೆಯೋಕಾಗಲಿಲ್ಲ. ಪುಟ್ಟಿಯನ್ನು ಹೊದಿಕೆ ಸಮೇತ ಎತ್ತಿ ಪಕ್ಕದ ಮನೆಯಲ್ಲಿ ಮಲಗಿಸಿ, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಅಪೆಂಡಿಕ್ಸ್ ಅಂದರು, ಬೆಳಗಾಗೋದರೊಳಗೆ ಆಪರೇಷನ್ ಆಗಬೇಕು ಅಂದರು. ನರ್ಸ್ ಒಂದು ಫೈಲ್ ಹಿಡಿದು ಕೂಗಿದರು. ‘ಪೇಷಂಟ್ ಕಡೆಯವರು ಯಾರ್ರೀ?’

ಎದ್ದು ನಿಂತೆ.

‘ಅವರು ನಿಮಗೆ ಏನಾಗಬೇಕು?’

ನಮ್ಮ ಭಾಷೆಯ ಈ ಪ್ರಶ್ನೆ ವಿಚಿತ್ರ. ಏನಾಗಿದ್ದಾರೆ ಅಂತ ಕೇಳೋದಿಲ್ಲ, ಏನಾಗಬೇಕು ಅಂತ ಕೇಳುತ್ತೆ. ಏನೋ ಆಗಲೇಬೇಕು ಅನ್ನೋ ಹಾಗೆ. ದಿನಕ್ಕೆ ಇಪ್ಪತ್ತು ಅರ್ಜಿಗೆ ‘ಸಂಬಂಧ’ ಅಂತ ತುಂಬೋ ನಾನು ಅವತ್ತು ‘ಫ್ರೆಂಡು’ ಅಂದೆ. ‘ಫ್ರೆಂಡ್ ಸೈನ್ ನಡಿಯಲ್ಲ, ಫ್ಯಾಮಿಲಿಯವರನ್ನ ಕರೆಸಿ.’

ಪ್ರಜ್ಞೆ ಇರೋ ದೊಡ್ಡವರಾದರೆ ರೋಗಿಯ ಸಹಿಯೇ ಸಾಕು ಅಂತ ವಕೀಲರು ಆಮೇಲೆ ಹೇಳಿದರು. ರಾತ್ರಿ ಒಂದೂವರೆಗೆ ಕೌಂಟರ್ ಮುಂದೆ ನಿಂತವನಿಗೆ ಅದೆಲ್ಲ ಎಲ್ಲಿ ಹೊಳೆಯುತ್ತೆ. ಅವರ ಅಣ್ಣನಿಗೆ ಫೋನ್ ಮಾಡಿದೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಎರಡು ವರ್ಷದಿಂದ ತಮ್ಮನ ಜೊತೆ ಮಾತಿಲ್ಲ, ನನ್ನಿಂದಾಗಿಯೇ. ನಾಲ್ಕೂವರೆಗೆ ಬಂದರು. ತಲೆಯಿಂದ ನೀರು ಸೋರುತ್ತಿತ್ತು. ನನ್ನನ್ನು ನೋಡದೆ, ಓದದೆ, ತೋರಿಸಿದ ಜಾಗದಲ್ಲಿ ಸಹಿ ಹಾಕಿ, ‘ಬಿಲ್ ಯಾರ್ ಕಟ್ತಾರೆ?’ ಅಂದರು. ನಾನು ಅಂದೆ. ‘ಸರಿ’ ಅಂತ ಹೊರಟರು. ಅವರ ಮೇಲೆ ನನಗೆ ಕೋಪ ಇಲ್ಲ. ಮಳೆಯಲ್ಲಿ ಬಂದರಲ್ಲ. ಮೂರು ಗಂಟೆ ಕಾಲ ನೋವಿನಲ್ಲಿ ನರಳಿದ್ದು ಮಾತ್ರ ಯಾರ ಲೆಕ್ಕಕ್ಕೂ ಸೇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಪರಿಚಯದ ವಕೀಲರ ಹತ್ತಿರ ಹೋದೆ. ಅವರು ನನ್ನ ಮೆಷಿನ್‌ನಲ್ಲಿ ಪ್ರಿಂಟ್ ತೆಗೆಸೋ ಗಿರಾಕಿ, ಫೀಸ್ ತೆಗೆದುಕೊಳ್ಳಲಿಲ್ಲ. ಒಂದೊಂದಾಗಿ ಹೇಳುತ್ತಾ ಹೋದರು, ಪ್ರತಿಯೊಂದಕ್ಕೂ ನನ್ನ ಹೊಟ್ಟೆ ತಣ್ಣಗಾಗುತ್ತಾ ಹೋಯಿತು. ನಮ್ಮನೆಯವರು ವಿಲ್ ಬರೆಯದೆ ಹೋದರೆ ಅವರ ಅಂಗಡಿ, ಮೆಷಿನ್ನು, ಬ್ಯಾಂಕಿನ ದುಡ್ಡು ತಾಯಿಗೆ. ತಾಯಿ ತಂದೆ ಇಲ್ಲದಿದ್ದರೆ ಒಡಹುಟ್ಟಿದವರಿಗೆ. ಮಾತಾಡದ ಅಣ್ಣನಿಗೆ. ನನಗೆ ಒಂದು ಸ್ಪ್ಯಾನರ್ ಕೂಡ ಇಲ್ಲ. ಪುಟ್ಟಿಯನ್ನು ಅವರು ದತ್ತು ತೆಗೆದುಕೊಳ್ಳಬಹುದಾ ಅಂತ ಕೇಳಿದೆ. ಜೋಡಿಯಾಗಿ ದತ್ತು ಬೇಕು ಅಂದರೆ ಎರಡು ವರ್ಷದ ಗಟ್ಟಿ ಮದುವೆ ಇರಬೇಕು. ಒಂಟಿಯಾಗಿ ಅಂದರೆ, ಒಂಟಿ ಗಂಡಸಿಗೆ ಹೆಣ್ಣುಮಗು ಕೊಡೋದಿಲ್ಲ, ಕೇಂದ್ರದ ದತ್ತು ನಿಯಮದಲ್ಲೇ ಇದೆ. ಹೆಣ್ಣುಮಕ್ಕಳ ಕಾಳಜಿಗೆ ಮಾಡಿದ ನಿಯಮ, ಒಪ್ಪುತ್ತೇನೆ. ಆದರೆ ಅವಳ ಜಡೆ ಯಾರು ಹಾಕುತ್ತಾರೆ ಅಂತ ಆ ನಿಯಮಕ್ಕೆ ಗೊತ್ತಿಲ್ಲ.

ನಾನು ವಿಲ್‌ನಲ್ಲಿ ನಮ್ಮನೆಯವರನ್ನು ಪುಟ್ಟಿಯ ಗಾರ್ಡಿಯನ್ ಅಂತ ಬರೆಯಬಹುದು. ಆದರೆ ನನ್ನ ನಂತರ ತಾಯಿ ಇದ್ದರೆ ತಾಯಿಯೇ, ಆ ಬರಹಕ್ಕೆ ಬೆಲೆ ಇಲ್ಲ. ಅದು ಸರಿಯಾಗಿಯೇ ಇದೆ. ತಾಯಿಯೂ ಹೋಗಿ, ಅವರು ಬೇರೆ ಯಾರನ್ನೂ ಬರೆದಿರದಿದ್ದರೆ ಮಾತ್ರ ನನ್ನ ಬರಹಕ್ಕೆ ಜೀವ ಬರುತ್ತೆ. 1956ರ ಕಾಯ್ದೆ. ಇಬ್ಬರೂ ವಿಲ್ ಬರೆದೆವು. ಛಾಪಾಕಾಗದ ಬೇಡ, ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಇರಲೇಬೇಕು. ಸಾಕ್ಷಿ ಹಾಕಿದ್ದು ಎದುರಿನ ಟೀ ಅಂಗಡಿಯವರು, ಇನ್ನೊಬ್ಬರು ವಕೀಲರ ಗುಮಾಸ್ತರು. ಟೀ ಅಂಗಡಿಯವರು ಸಹಿ ಹಾಕಿ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, ‘ಇದ್ನೆಲ್ಲ ಮದ್ವೆ ಆದೋರೂ ಬರ್ಸಲ್ಲ’ ಅಂದರು. ಹೌದಲ್ಲ, ಅವರು ಬರೆಸಬೇಕಾಗಿಯೇ ಇಲ್ಲ.

ಇನ್ನೊಂದು ಸಣ್ಣದು. ಅಂಗಡಿಗೆ ಹೊಸ ಮೆಷಿನ್ ತೆಗೆಯೋಕೆ ನಮ್ಮನೆಯವರು ನನಗೆ 80,000 ರೂಪಾಯಿ ಹಾಕಿದರು. ಆಡಿಟರ್ ಕನ್ನಡಕ ಮೇಲೆ ಮಾಡಿ ಕೇಳಿದರು: ‘ಇವರು ನಿಮಗೆ ಏನಾಗಬೇಕು?’ ಗಂಡನೋ ಹೆಂಡತಿಯೋ ಕೊಟ್ಟರೆ ಎಷ್ಟಾದರೂ ತೆರಿಗೆ ಇಲ್ಲ. ಸಂಬಂಧಿ ಅಲ್ಲದವರು ಕೊಟ್ಟರೆ ವರ್ಷಕ್ಕೆ 50,000 ದಾಟಿದ ಕೂಡಲೇ ಪೂರ್ತಿ ಹಣ ನನ್ನ ಆದಾಯ. ಕೊನೆಗೆ ಸಾಲ ಅಂತ ಬರೆದುಕೊಂಡೆವು. ಒಂದೇ ತಟ್ಟೆಯಲ್ಲಿ ಉಪ್ಪಿನಕಾಯಿ ಹಂಚಿಕೊಳ್ಳೋ ಮನುಷ್ಯನಿಗೆ ನಾನು ಲೆಕ್ಕದಲ್ಲಿ ಸಾಲಗಾರ. ಗೃಹಲಕ್ಷ್ಮಿ ಬಂದಾಗಲೂ ಅಷ್ಟೇ. ಇಡೀ ಊರಿಗೆ ಯಜಮಾನಿಯ ಹೆಸರು ಸರಿಮಾಡಿಸಿಕೊಟ್ಟೆ, ನಮ್ಮ ಮನೆಗೇ ಯಜಮಾನಿ ಇಲ್ಲ. ‘ತಿಂಗಳಿಗೆ 2,000 ಹೋಯ್ತಲ್ಲೋ’ ಅಂತ ನಮ್ಮನೆಯವರು ಇನ್ನೂ ಅಣಕಿಸುತ್ತಾರೆ.

2023ರ ಅಕ್ಟೋಬರ್ 17. ನಮ್ಮಂಥವರ ಮದುವೆಗೆ ಮಾನ್ಯತೆ ಕೇಳಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪನ್ನು ಮೊಬೈಲ್‌ನಲ್ಲಿ ನೇರ ನೋಡಿದೆ. ಬೆಳಗ್ಗೆ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆವು, ಹೇಳೋಕೆ ನಾಚಿಕೆ. ಮದುವೆ ಮೂಲಭೂತ ಹಕ್ಕಲ್ಲ ಅಂತ ಐವರೂ ಹೇಳಿದರು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಕೌಲ್ ಅವರು ಜೋಡಿಗೆ ಬೇರೆ ರೀತಿಯ ಮಾನ್ಯತೆ ಕೊಡಬೇಕು, ಜೋಡಿಯಾಗಿ ದತ್ತುವಿಗೆ ಮದುವೆ ಇರಬೇಕು ಅನ್ನೋ ನಿಯಮ ತಪ್ಪು ಅಂದರು. ಭಟ್, ಹಿಮಾ ಕೊಹ್ಲಿ, ನರಸಿಂಹ ಅವರು ಒಪ್ಪಲಿಲ್ಲ. ಮೂರಕ್ಕೆ ಎರಡು. ಚಂದ್ರಚೂಡ್ ಅವರು ಓದುವಾಗ ‘ಆಯ್ತು ಕಣೋ’ ಅಂತ ನಮ್ಮನೆಯವರಿಗೆ ಫೋನ್ ಮಾಡಿಬಿಟ್ಟಿದ್ದೆ. ಅರ್ಧ ಗಂಟೆ ಆದಮೇಲೆ ಮತ್ತೆ ಫೋನ್ ಮಾಡಿ ‘ಇಲ್ವಂತೆ’ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರ್ತಾ ಕಟ್ಟಿನಕೆರೆ ಮಾರ್ಕೆಟ್ಟಿಂದ ತೊಗರಿಕಾಯಿ ತಗೊಂಡ್ ಬಾ’ ಅಂದರು. ಆ ತೀರ್ಪನ್ನು ಮತ್ತೆ ನೋಡಿ ಅಂತ ಹಾಕಿದ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ನಡುವೆ ಒಂದು ಚೂರು ಬೆಳಕು ಬಂತು. ಆ ತೀರ್ಪಿನಿಂದ ಹುಟ್ಟಿದ ಕೇಂದ್ರದ ಸಮಿತಿಯ ಕೆಲಸ ಅದು. 2024ರ ಆಗಸ್ಟ್ 28ರಂದು ಹಣಕಾಸು ಸೇವೆಗಳ ಇಲಾಖೆ ಒಂದು ಪತ್ರ ಹೊರಡಿಸಿತು: ನಮ್ಮಂಥವರು ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಯಾವ ಅಡ್ಡಿಯೂ ಇಲ್ಲ. ಮೊದಲೂ ಅಡ್ಡಿ ಅಂತ ಎಲ್ಲೂ ಬರೆದಿರಲಿಲ್ಲ ಅನ್ನಿ. ಆದರೆ ಜೆರಾಕ್ಸ್ ಅಂಗಡಿಯವನಿಗೆ ಗೊತ್ತು, ಅಚ್ಚಾದ ಕಾಗದದ ತೂಕವೇ ಬೇರೆ. ಮೂರು ಪ್ರತಿ ತೆಗೆದು, ಕ್ಲಿಪ್ ಹಾಕಿ, ಬ್ಯಾಂಕಿಗೆ ಹೋದೆವು. ಕೌಂಟರಿನ ಹುಡುಗ ಓದಿದ. ‘ಆದ್ರೆ ಸಾರ್, ರಿಲೇಷನ್‌ಶಿಪ್ಪಿಗೆ ಪ್ರೂಫ್?’ ನಮ್ಮನೆಯವರು ಬಾಯಿ ತೆರೆದರು, ನಾನು ಕಾಲು ತುಳಿದೆ. ಎರಡನೇ ದಿನ ಮ್ಯಾನೇಜರ್ ಅದೇ ಕಾಗದ ಓದಿ, ಏನೂ ಕೇಳದೆ ಅರ್ಜಿ ಕೊಟ್ಟರು. ಪಾಸ್‌ಬುಕ್ಕಿನಲ್ಲಿ ಈಗ ಎರಡು ಹೆಸರು ಇವೆ. ಎರಡೂ ಒಂದೇ ಕಾಗದದ ಮೇಲೆ ಅಚ್ಚಾಗಿದ್ದನ್ನು ನಾವು ನೋಡಿದ್ದು ಅದೇ ಮೊದಲು.

ಆ ಕಾಗದ ಪ್ರಿಂಟ್ ತೆಗೆಯುವಾಗ ಅಂಗಡಿಯಲ್ಲಿ ಒಬ್ಬ ಕಾಲೇಜು ಮೇಷ್ಟ್ರು ಇದ್ದರು. ಓದಿದರು, ನನ್ನ ಮುಖ ನೋಡಿದರು. ತಿಂಗಳು ಬಿಟ್ಟು ಬಂದು, ‘ನವೆಂಬರ್ 26 ಸಂವಿಧಾನ ದಿನ. ನಮ್ಮ ಹುಡುಗರ ಮುಂದೆ ಹತ್ತು ನಿಮಿಷ ಮಾತಾಡ್ತೀರಾ?’ ಅಂದರು. ನಾನು ಮೈಕ್ ಹಿಡಿದವನಲ್ಲ. ಆಗಲ್ಲ ಅಂದೆ. ರಾತ್ರಿ ನಿದ್ದೆ ಬರಲಿಲ್ಲ. ಪುಟ್ಟಿಯನ್ನು ಕೇಳಿದೆ. ‘ನನ್ ಹೆಸ್ರು ಹೇಳ್ಬೇಡ, ಚಿಕ್ಕಪ್ಪ ಮೋಟರ್ ರಿಪೇರಿ ಮಾಡ್ತಾರೆ ಅಂತ ಬೇಕಾದ್ರೆ ಹೇಳು’ ಅಂದಳು. ಆಮೇಲೆ ಪುಟ್ಟಿಯ ಅಮ್ಮನಿಗೆ ಫೋನ್ ಮಾಡಿದೆ, ಅವರ ಅನುಮತಿ ಇಲ್ಲದೆ ಆಗೋ ಮಾತಲ್ಲ. ಅವರು ಹೇಳಿದ್ದು: ‘ನನ್ ಕಥೆನೂ ಹೇಳೋದಾದ್ರೆ ಪೂರ್ತಿ ಹೇಳಿ. ಅರ್ಧ ಹೇಳಿ ಚಪ್ಪಾಳೆ ಹೊಡೆಸ್ಕೋಬೇಡಿ.’

ಅರವತ್ತು ಹುಡುಗ ಹುಡುಗಿಯರು. ಕಾಗದ ನಡುಗುತ್ತಿತ್ತು, ಡೆಸ್ಕ್ ಮೇಲೆ ಇಟ್ಟುಬಿಟ್ಟೆ. ನಾನು ಗೇ ಅಂದೆ. ಹಿಂದಿನ ಬೆಂಚಿನಲ್ಲಿ ಕಿಸಕ್ ಅಂದರು, ನಿಂತಿತು. ಜಡೆ, ಆಸ್ಪತ್ರೆ, 80,000 ರೂಪಾಯಿಯ ಸಾಲ, ಬ್ಯಾಂಕು ಎಲ್ಲಾ ಹೇಳಿದೆ. 377 ಹೋಯ್ತು, ಪೊಲೀಸರು ಹಿಡಿಯೋದಿಲ್ಲ, ಆದರೆ ಪೇಷಂಟ್ ಕಡೆಯವರು ಯಾರು ಅಂದರೆ ಎದ್ದು ನಿಲ್ಲೋ ಹಕ್ಕು ಇನ್ನೂ ಇಲ್ಲ ಅಂದೆ. ನಾವು ಕೇಳುತ್ತಿರೋದು ನಿಮ್ಮ ಅಪ್ಪ ಅಮ್ಮನಿಗೆ ಮದುವೆಯ ದಿನವೇ ಪುಕ್ಕಟೆ ಸಿಕ್ಕಿದ್ದನ್ನು ಅಂದೆ. ಚಪ್ಪಾಳೆ ಬಂತು.

ಆಗ ಎರಡನೇ ಸಾಲಿನ ಒಂದು ಹುಡುಗಿ ಎದ್ದು ನಿಂತಳು. ‘ಸಾರ್, ನಿಮ್ಮ ಹೆಂಡತಿಗೆ ನೀವು ಮಾಡಿದ್ದು ಮೋಸ ಅಲ್ವಾ?’

ಮೇಷ್ಟ್ರು ಅವಳನ್ನು ಕೂರಿಸೋಕೆ ಹೋದರು. ಬೇಡಿ ಸಾರ್ ಅಂದೆ. ‘ಹೌದಮ್ಮ. ಮೋಸ’ ಅಂದೆ. ಪೂರ್ತಿ ಹೇಳಿದೆ. ತೂಕ ಇಳಿಸಿದ್ದು, ಹರಕೆ, ಡಾಕ್ಟರು, ಅವರು ಆ ರಾತ್ರಿ ಕೇಳಿದ ಪ್ರಶ್ನೆ. ನನಗೆ ಭಯ ಇತ್ತು, ನಿಜ. ಕಾನೂನು ಇತ್ತು, ಜಾತಿ ಇತ್ತು, ಅವ್ವ ಇದ್ದಳು. ಆದರೆ ಆ ಭಯದ ಬಿಲ್ ಕಟ್ಟಿದ್ದು ನಾನಲ್ಲ, ಅವರು. ನನ್ನಂಥವರು ನೆಟ್ಟಗೆ ಬದುಕೋ ಹಾಗಿದ್ದರೆ ಅವರ ಎಂಟು ವರ್ಷ ಅವರದ್ದೇ ಆಗಿರುತ್ತಿತ್ತು. ಸಮಾನ ಹಕ್ಕು ಅಂದರೆ ಬರೀ ನಮ್ಮ ವಿಷಯ ಅಂದುಕೊಂಡಿದ್ದೀರಾ, ನಮಗೆ ಕಟ್ಟಿಹಾಕೋ ಹೆಣ್ಣುಮಕ್ಕಳದ್ದೂ ಹೌದು ಅಂದೆ. ಈ ಸಲ ಚಪ್ಪಾಳೆ ಬರಲಿಲ್ಲ. ಆ ಹುಡುಗಿ ‘ಥ್ಯಾಂಕ್ಸ್ ಸಾರ್’ ಅಂತ ಕೂತಳು.

ಹಾಸನ ಸಣ್ಣ ಊರು. ಸಂಜೆಗೆ ಸುದ್ದಿ ಸಾಲಗಾಮೆ ರಸ್ತೆ ದಾಟಿತ್ತು. ಹಳೆಯ ಗಿರಾಕಿ ಒಬ್ಬರು ಎರಡು ಅಂಗಡಿ ಆಚೆಗೆ ಹೋಗೋಕೆ ಶುರು ಮಾಡಿದರು. ಅಲ್ಲೂ ಜೆರಾಕ್ಸ್ ಎರಡು ರೂಪಾಯಿಯೇ. ಪುಟ್ಟಿಯ ಕ್ಲಾಸಿನ ಒಂದು ಹುಡುಗಿ ಭಾನುವಾರ ಆಟಕ್ಕೆ ಬರೋದು ನಿಂತಿತು. ಪುಟ್ಟಿ ಎರಡು ವಾರ ಗೇಟ್ ನೋಡಿದಳು. ಅದೊಂದು ನನ್ನಿಂದ ಸಹಿಸೋಕೆ ಆಗಲಿಲ್ಲ, ಯಾಕಪ್ಪ ಬೇಕಿತ್ತು ಮೈಕು ಅನ್ನಿಸಿತು. ಇನ್ನೊಬ್ಬಳ ಅಮ್ಮ ಮಾತ್ರ ಮಗಳನ್ನು ಕಳಿಸುತ್ತಲೇ ಇದ್ದರು. ಅಷ್ಟೇ ಅಲ್ಲ, ಶಾಲೆಯಲ್ಲಿ ಹೇನು ಹಬ್ಬಿದಾಗ ಗೇಟ್ ಹತ್ತಿರ ನಿಂತು ‘ಜಡೆ ಹಾಕೋರನ್ನ ಕರೀರಿ’ ಅಂತ ನಮ್ಮನೆಯವರನ್ನು ಕರೆಸಿ, ಯಾವ ಬಾಚಣಿಗೆ, ಎಷ್ಟು ದಿನಕ್ಕೊಮ್ಮೆ ಅಂತ ಅರ್ಧ ಗಂಟೆ ವಿವರಿಸಿದರು. ನಾನು ಪಕ್ಕದಲ್ಲೇ ಇದ್ದೆ, ನನ್ನನ್ನು ಮೂಸಿಯೂ ನೋಡಲಿಲ್ಲ.

2025ರ ಮೇ 22ರಂದು ಮದರಾಸು ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಮನೆಯವರು ಹಿಡಿದಿಟ್ಟಿದ್ದ ಒಬ್ಬ ಹುಡುಗಿಯನ್ನು ಅವಳ ಇಷ್ಟದಂತೆ ಹೋಗೋಕೆ ಬಿಟ್ಟರು. ಕುಟುಂಬ ಕಟ್ಟೋಕೆ ಮದುವೆಯೊಂದೇ ದಾರಿ ಅಲ್ಲ, ತಾವೇ ಆಯ್ದುಕೊಂಡ ಕುಟುಂಬವೂ ಉಂಟು ಅಂದರು. ವಕೀಲರು ಅದನ್ನು ಕಳಿಸಿದರು. ಪ್ರಿಂಟ್ ತೆಗೆದು ಬ್ಯಾಂಕಿನ ಕಾಗದದ ಜೊತೆ ಅದೇ ಫೈಲಿಗೆ ಹಾಕಿದ್ದೇನೆ. ಫೈಲಿನ ಮೇಲೆ ಪುಟ್ಟಿ ಸ್ಕೆಚ್ ಪೆನ್ನಿನಲ್ಲಿ ‘ಮನೆ’ ಅಂತ ಬರೆದಿದ್ದಾಳೆ.

ಕಾಲೇಜಿನಲ್ಲಿ ಮಾತಾಡಿದ ಮೇಲಿನ ವಾರದಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಇಪ್ಪತ್ತಾರು, ಇಪ್ಪತ್ತೇಳು ಇರಬಹುದು. ಆಧಾರ್ ಕಾರ್ಡ್ ಕೊಟ್ಟು ಒಂದು ಜೆರಾಕ್ಸ್ ಅಂದ. ಕೊಟ್ಟೆ. ಎರಡು ದಿನ ಬಿಟ್ಟು ಮತ್ತೆ ಬಂದ, ಅದೇ ಆಧಾರ್, ಒಂದು ಜೆರಾಕ್ಸ್. ಗಿರಾಕಿಗಳು ಹೋಗೋ ತನಕ ಗೋಡೆಯ ಮೇಲಿನ ಸ್ಕಾಲರ್‌ಶಿಪ್ ನೋಟೀಸ್ ಓದುತ್ತಾ ನಿಂತಿದ್ದ. ಅಂಗಡಿ ಖಾಲಿಯಾದ ಕೂಡಲೇ ದುಡ್ಡು ಇಟ್ಟು ಹೋದ. ಶನಿವಾರ ಮೂರನೇ ಸಲ. ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ನಾನೂ ಒಂದು ಕಾಲದಲ್ಲಿ ಬೇಡದ ಜೆರಾಕ್ಸ್‌ಗಳನ್ನು ಜಾಸ್ತಿ ಮಾಡಿಸಿದವನೇ.

ನಾಲ್ಕನೇ ಸಲ ಬಂದಾಗ ಕೈಯಲ್ಲಿ ಆಧಾರ್ ಇರಲಿಲ್ಲ.

‘ಸಾರ್, ಮನೇಲಿ ಹೆಣ್ಣು ನೋಡ್ತಾವ್ರೆ’ ಅಂದ.

ಶಟರ್ ಅರ್ಧ ಎಳೆದೆ. ಸ್ಟೂಲ್ ಕೊಟ್ಟು, ಎದುರಿನ ಅಂಗಡಿಗೆ ಕೈ ಮಾಡಿ ಎರಡು ಟೀ ಹೇಳಿದೆ. ಎಲ್ಲಿಂದ ಶುರು ಮಾಡೋದು ಅಂತ ಈ ಸಲ ಯೋಚನೆ ಆಗಲಿಲ್ಲ. ಮಂಚದ ಆ ತುದಿಯಿಂದ ಶುರು ಮಾಡಿದೆ. ಪೂರ್ತಿ ಹೇಳಿ ಮುಗಿಸೋ ಹೊತ್ತಿಗೆ ಇಬ್ಬರದೂ ಟೀ ಆರಿಹೋಗಿತ್ತು.